ಬಾಣಂತಿ ಮಡುವಿನ ಸೊನ್ನೆ

ಆ ಸೊನ್ನೆಯನ್ನು ಬರೆದವಳು ಭವಾನಿಯೇ. ಅಲ್ಲವೆನ್ನಲು ದಾರಿಯೇ ಇರಲಿಲ್ಲ. ಕೆಳಗೆ ಕಾರ್ಯದರ್ಶಿ ಎಂದು ಅವಳ ಸಹಿ ಇತ್ತು, ಪಕ್ಕದಲ್ಲಿ ಭದ್ರಾವತಿ ಓಲ್ಡ್ ಟೌನಿನ ಮೀನುಗಾರರ ಸಂಘದ ಸೀಲು ಓರೆಯಾಗಿ ಬಿದ್ದಿತ್ತು. ಮೂರು ವರ್ಷದ ಹಿಂದಿನ ಆ ಕಾಗದವನ್ನು ಶಿವಮೊಗ್ಗದ ಮೀನಿನ ಆಫೀಸಿನಲ್ಲಿ ನವೀನ್ ಎಂಬ ಹೊಸ ಅಧಿಕಾರಿ ಅವಳ ಕಡೆಗೆ ತಿರುಗಿಸಿ ಇಟ್ಟ.

"ನೀವೇ ಓದಿ ಮೇಡಂ. ಸ್ಥಳ, ಬಾಣಂತಿ ಮಡು. ವರ್ಷಕ್ಕೆ ಹಿಡಿಯೋ ಮೀನು, ಸೊನ್ನೆ ಕೆಜಿ. ಇದು ನಿಮ್ಮ ಸಂಘ ಕೊಟ್ಟಿದ್ದೇ ಅಲ್ವಾ?"

"ಕೊಟ್ಟಿದ್ದು ಹೌದು ಸಾರ್. ಅಲ್ಲಿ ನಾವು ಬಲೆ ಹಾಕಲ್ಲ."

"ಅದೇ ನಾನೂ ಹೇಳ್ತಿರೋದು. ನೀವು ಹಾಕಲ್ಲ. ಹಾಕದ ಜಾಗ ಅಂದ್ರೆ ನಮ್ಮ ಲೆಕ್ಕದಲ್ಲಿ ಸಾಂಪ್ರದಾಯಿಕ ಬಳಕೆ ಇಲ್ಲದ ಜಾಗ."

ಬೈಯುವ ಅಧಿಕಾರಿಯಾದರೆ ತಿರುಗಿ ಬೈದು ಹೊಟ್ಟೆ ತಣ್ಣಗೆ ಮಾಡಿಕೊಂಡು ಬರಬಹುದು. ಈತ ಕುರ್ಚಿ ಕೊಟ್ಟು, ಟೀ ತರಿಸಿ, ಮೇಡಂ ಮೇಡಂ ಎನ್ನುತ್ತಲೇ ಕತ್ತು ಕೊಯ್ಯುವವನು. ಭವಾನಿಗೆ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದೇ ತಿಳಿಯಲಿಲ್ಲ. ಇದೇ ವಿಷಯಕ್ಕೆ ಅವಳು ಭದ್ರಾವತಿಯಿಂದ ಬರುತ್ತಿರುವುದು ಮೂರನೆಯ ಸಲ.

ವಿಷಯ ಇಷ್ಟು. ಭದ್ರಾ ಹೊಳೆಯಲ್ಲಿ ಶಂಕರಘಟ್ಟದಿಂದ ಭದ್ರಾವತಿಯ ಕಡೆಗೆ ಬರುವಾಗ ಬಂಡೆಗಳ ನಡುವೆ ಒಂದು ಆಳವಾದ ಮಡು ಇದೆ. ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ದೊಡ್ಡ ದೊಡ್ಡ ಬಿಳಿಮೀನುಗಳೆಲ್ಲ ಅಲ್ಲಿ ಬಂದು ಸೇರುತ್ತವೆ, ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಮೊದಲ ಮಳೆಗೆ ಕಾಯುತ್ತವೆ. ಓದಿದವರು ಅದನ್ನು ಮಹಶೀರ್ ಎನ್ನುತ್ತಾರೆ. ಓಲ್ಡ್ ಟೌನಿನ ಬೆಸ್ತರು ಆ ಮಡುವಿಗೆ ತಲೆತಲಾಂತರದಿಂದ ಬಲೆ ಹಾಕಿದವರಲ್ಲ. ಮೃಗಶಿರ ಮಳೆಗೆ ಮುಂಚೆ ಕೇರಿಯ ಹೆಂಗಸರು ಹೋಗಿ ಅಕ್ಕಿ, ಎಲೆಅಡಿಕೆ, ಅರಿಶಿನದ ಕೊಂಬು, ಒಂದು ರವಿಕೆ ಕಣ ಇಟ್ಟು ಮಡುವಿಗೆ ಮಡಿಲು ತುಂಬಿ ಬರುತ್ತಾರೆ. ಅಲ್ಲಿ ಹೆತ್ತದ್ದು ಮಳೆಗಾಲ ಕಳೆದ ಮೇಲೆ ಕೆಳಗಿನ ಒಂದು ಕಿಲೋಮೀಟರ್ ಹೊಳೆಗೆ ಇಳಿದು ಬರುತ್ತದೆ, ಮೂವತ್ತೆರಡು ಮನೆಗಳ ಒಲೆ ಆ ಒಂದು ಕಿಲೋಮೀಟರಿನಿಂದ ಉರಿಯುತ್ತದೆ. ಈಗ ಮಡುವನ್ನೂ ಆ ಕಿಲೋಮೀಟರನ್ನೂ ಸೇರಿಸಿ ಶಿವಮೊಗ್ಗದ ಒಂದು ಗಾಳದ ಕ್ಲಬ್ಬಿಗೆ ಕೊಡಲು ಆದೇಶ ತಯಾರಾಗಿತ್ತು. ಅವರು ಗಾಳದಲ್ಲಿ ಹಿಡಿಯುತ್ತಾರೆ, ಫೋಟೋ ತೆಗೆಯುತ್ತಾರೆ, ತಿರುಗಿ ನೀರಿಗೆ ಬಿಡುತ್ತಾರೆ. ಅದರಿಂದ ಮೀನಿನ ಸಂತತಿ ಉಳಿಯುತ್ತದಂತೆ. ಬಲೆಗೆ ಮಾತ್ರ ಅಲ್ಲಿ ಪ್ರವೇಶವಿಲ್ಲ.

"ಹಿಡಿಯದೆ ಇರೋದೇ ನಮ್ಮ ಪದ್ಧತಿ ಸಾರ್. ನಾವು ಹಿಡಿಯದೆ ಬಿಟ್ಟಿದ್ದಕ್ಕೇ ಅಲ್ಲಿ ಮೀನು ಇರೋದು," ಎಂದಳು ಭವಾನಿ.

"ನನಗೆ ಅರ್ಥ ಆಗ್ತದೆ ಮೇಡಂ. ಆದ್ರೆ ಹಿಡಿಯದೆ ಇರೋದಕ್ಕೆ ಹಕ್ಕು ಕೊಡೋ ಕಾಲಂ ಇದರಲ್ಲಿಲ್ಲ."

"ವರ್ಷ ವರ್ಷ ಪೂಜೆ ಮಾಡ್ತೀವಲ್ಲ, ಅದನ್ನ ಬರ್ಕೊಳ್ಳಿ."

"ಪೂಜೆ ಅಂದ್ರೆ ಮುಜರಾಯಿಗೆ ಹೋಗ್ತದೆ. ಅಲ್ಲಿ ಗುಡಿ ಗಿಡಿ ಏನಾದ್ರೂ ಇದೆಯಾ?"

"ನೀರಿದೆ."

ನವೀನ್ ನಿಜವಾಗಿಯೂ ಬೇಜಾರು ಮಾಡಿಕೊಂಡ. ದನಿ ತಗ್ಗಿಸಿ ಹೇಳಿದ: "ಸೋಮವಾರ ಆಕ್ಷೇಪಣೆಗೆ ಕೊನೇ ದಿನ. ಮಡುವಲ್ಲಿ ನಿಮ್ಮವರು ಬಲೆ ಬೀಸ್ತಿರೋ ಒಂದು ಫೋಟೋ, ತಾರೀಖು ಜಾಗ ಎಲ್ಲ ಅದರ ಮೇಲೇ ಬರಬೇಕು, ತಂದುಕೊಡಿ. ಇಲಾಖೆಯ ಮಳೆಗಾಲದ ನಿಷೇಧ ಶುರುವಾಗೋಕೆ ಇನ್ನೂ ಟೈಮಿದೆ, ಈಗ ಬೀಸಿದ್ರೆ ತಪ್ಪಿಲ್ಲ. ಬಳಕೆ ಇದೆ ಅಂತ ಬರೆದು ಆದೇಶ ನಿಲ್ಲಿಸ್ತೀನಿ. ಇಲ್ದಿದ್ರೆ ನನ್ನ ಕೈಲಿಲ್ಲ. ಒಂದ್ಸಲ ಕ್ಲಬ್ಬಿನ ಅಧ್ಯಕ್ಷರನ್ನೂ ನೋಡಿ ಹೋಗಿ, ಒಳ್ಳೇ ಮನುಷ್ಯರು."

ಒಳ್ಳೆಯ ಮನುಷ್ಯರ ಕಾಟವೇ ಈ ಜಿಲ್ಲೆಯಲ್ಲಿ ಜಾಸ್ತಿಯಾಗಿದೆ ಎಂದುಕೊಳ್ಳುತ್ತ ಭವಾನಿ ಎದ್ದಳು.

ಅಧ್ಯಕ್ಷ ವಿಶ್ವಾರಾಧ್ಯರದು ಸಾಗರ ರಸ್ತೆಯಲ್ಲಿ ಪೈಪಿನ ಅಂಗಡಿ. ಅರವತ್ತು ದಾಟಿದ ಮನುಷ್ಯ, ಹಣೆಯಲ್ಲಿ ವಿಭೂತಿ, ಗಲ್ಲಾದ ಮೇಲೆ ಮನೆದೇವರ ಪಟ, ಅದರ ಪಕ್ಕದಲ್ಲೇ ಚೌಕಟ್ಟು ಹಾಕಿಸಿದ ಇನ್ನೊಂದು ಫೋಟೋ. ಅದರಲ್ಲಿ ಅವರು ಸೊಂಟದವರೆಗೆ ನೀರಲ್ಲಿ ನಿಂತು ಒಂದು ಮೊಳ ಮೀರಿದ ಬಿಳಿಮೀನನ್ನು ಎರಡೂ ಕೈಯಲ್ಲಿ ಮಗುವಿನಂತೆ ಹಿಡಿದಿದ್ದರು. ಭವಾನಿ ಬಂದ ಕಾರಣ ಹೇಳುತ್ತಲೇ ಕೂರಿಸಿದರು, ಇಲ್ಲೂ ಟೀ ಬಂತು.

"ನಮ್ಮನೇಲಿ ಮೊಟ್ಟೆ ಕೂಡ ತರಲ್ಲ ಭವಾನಿಯವ್ರೇ. ನಾನು ಮೀನು ತಿನ್ನೋನಲ್ಲ. ಹಿಡಿದು, ಇಪ್ಪತ್ತು ಸೆಕೆಂಡು ನೋಡಿ, ಬಿಟ್ಟುಬಿಡ್ತೀನಿ."

"ತಿನ್ನದವರು ಯಾಕೆ ಸಾರ್ ಹಿಡೀಬೇಕು?"

ವಿಶ್ವಾರಾಧ್ಯರು ನಕ್ಕರು. ಈ ಪ್ರಶ್ನೆ ಹೆಂಡತಿ ಮೂವತ್ತು ವರ್ಷದಿಂದ ಕೇಳುತ್ತಿದ್ದಾಳೆ, ಉತ್ತರ ಇನ್ನೂ ಸಿಕ್ಕಿಲ್ಲ ಎಂದರು. ಆಮೇಲೆ ನಗು ನಿಲ್ಲಿಸಿ, "ಒಂದು ಮಾತು ಹೇಳ್ತೀನಿ, ಸಿಟ್ಟು ಮಾಡ್ಕೋಬೇಡಿ. ಹೋದ ವರ್ಷ ಮಡುವಿನ ಮೇಲ್ಗಡೆ ತೋಟೆ ಸಿಡಿಸಿದ್ರಲ್ಲ, ಸತ್ತ ಮರಿ ಬೆಳ್ಳಗೆ ತೇಲ್ತಿತ್ತಲ್ಲ, ಅವ್ರು ಎಲ್ಲಿಯವ್ರು? ನಾವು ಬಂದ್ರೆ ಕಾವಲು ಇಡ್ತೀವಿ, ಕ್ಯಾಮೆರಾ ಹಾಕ್ತೀವಿ. ನಿಮ್ಮ ಹುಡುಗರಿಗೇ ಕೆಲಸ ಕೊಡ್ತೀವಿ. ಮೀನು ಉಳಿಯೋದು ಮುಖ್ಯ ಅಲ್ವಾ?"

ತೋಟೆ ಹಾಕಿದವರಲ್ಲಿ ಇಬ್ಬರು ಓಲ್ಡ್ ಟೌನಿನವರೇ. ಸಂಘ ಅವರಿಗೆ ದಂಡ ಹಾಕಿತ್ತು, ಮಾತು ಬಿಟ್ಟಿತ್ತು, ಆದರೆ ಅದನ್ನೆಲ್ಲ ಈ ಪೈಪುಗಳ ನಡುವೆ ಕೂತು ಯಾರಿಗೆ ಹೇಳುವುದು? ಅರ್ಧ ನಿಜ ಹೇಳುವವನ ಜೊತೆ ಜಗಳವಾಡುವುದು ಪೂರ್ತಿ ಸುಳ್ಳು ಹೇಳುವವನ ಜೊತೆ ಆಡುವುದಕ್ಕಿಂತ ಕಷ್ಟ. ಅವಳು ಟೀ ಕುಡಿಯದೆ ಎದ್ದು ಬಂದಳು.

ಬಸ್ಸು ಮಲವಗೊಪ್ಪ ದಾಟುವವರೆಗೂ ಅವಳು ಮನಸ್ಸಿನಲ್ಲೇ ಇಬ್ಬರಿಗೂ ಉತ್ತರ ಕೊಡುತ್ತಿದ್ದಳು. ಬಸ್ಸಿನಲ್ಲಿ ಎಂಥವರಿಗೂ ಒಳ್ಳೊಳ್ಳೆ ಉತ್ತರ ಹೊಳೆಯುತ್ತವೆ. ಆಮೇಲೆ ನೆನಪಾದದ್ದು ಮೂರು ವರ್ಷದ ಹಿಂದಿನ ಆ ಮಧ್ಯಾಹ್ನ. ಸರ್ವೆಗೆ ಬಂದ ಹುಡುಗಿ ಜಗಲಿಯಲ್ಲಿ ಕೂತು ಒಂದೊಂದೇ ಜಾಗದ ಹೆಸರು ಕೇಳುತ್ತಿದ್ದಳು. ಬಾಣಂತಿ ಮಡು ಬಂದಾಗ ಭವಾನಿ ಮಾವ ಹುಲಿಯಪ್ಪನ ಮುಖ ನೋಡಿದಳು. ಹುಲಿಯಪ್ಪ ಎಂದರೆ ಕೇರಿಗೇ ಹಿರಿಯ. ಹೊಳೆಯ ವಿಷಯದಲ್ಲಿ ಅವನು ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ. ಅವನು ಎದೆಯುಬ್ಬಿಸಿ ಹೇಳಿದ್ದ: "ಸೊನ್ನೆ ಅಂತ ಬರಿ ಭವಾನಿ. ಸಣ್ಣದಾಗಿ ಬರೀಬೇಡ. ಕಾಣೋ ಹಂಗೆ ದೊಡ್ಡದಾಗಿ ಬರಿ." ಅವಳೂ ಅಷ್ಟೇ ಜಂಬದಿಂದ ಪೆನ್ನು ಒತ್ತಿ ಬರೆದಿದ್ದಳು. ಇನ್ನೊಂದು ಊರಿನ ಯಾವ ಸಂಘವೂ ಇಂಥ ಪೆದ್ದುತನ ಮಾಡಿರಲಿಕ್ಕಿಲ್ಲ. ಹತ್ತಿದ್ದರೆ ನೂರು ಎಂದು ಬರೆಸುವ ಕಾಲ ಇದು.

ಸಂಜೆ ಸಂಘದ ಕೋಣೆಯಲ್ಲಿ ಜನ ಸೇರಿತು. ಭವಾನಿ ಎಲ್ಲ ಹೇಳಿ ಮುಗಿಸುವ ಮುಂಚೆಯೇ ವೆಂಕಟಾಚಲ ಎದ್ದ. ಮೀನಿನ ಆಟೋ ಓಡಿಸುವವನು, ಮೂವತ್ತರೊಳಗಿನ ವಯಸ್ಸು, ಸಂಘದ ವಾಟ್ಸಾಪ್ ಗ್ರೂಪು ಅವನದೇ.

"ಇಷ್ಟಕ್ಕೆ ತಲೆ ಕೆಡಿಸ್ಕೋತೀರಲ್ಲ ಭವಾನಕ್ಕ. ಒಂದೇ ಒಂದ್ಸಲ ಬೀಸೋಣ, ಫೋಟೋ ಹೊಡೆಯೋಣ, ಕೊಟ್ಟು ಬರೋಣ. ಆಮೇಲೆ ಮತ್ತೆ ಕೈ ಮುಗಿಯೋಣ."

ಎಲ್ಲರೂ ಹುಲಿಯಪ್ಪನ ಕಡೆ ನೋಡಿದರು.

"ಅಲ್ಲಿ ಬಲೆ ಬೀಳಲ್ಲ," ಎಂದ ಹುಲಿಯಪ್ಪ. "ಬಸುರಿ ಬಂದು ಬಾಣಂತಿಯಾಗಿ ಹೋಗೋ ಜಾಗ. ಬಾಗಿಲಿಗೆ ಬಲೆ ಹಾಸೋಕೆ ನಾನೇನು ಕಟುಕನಾ?"

"ಗಾಳದವರು ಬರ್ತಾರಲ್ಲ ಮಾವ?" ಎಂದಳು ಭವಾನಿ.

"ಅದೂ ಬ್ಯಾಡ. ಬಾಣಂತೀನ ಹಾಸಿಗೆಯಿಂದ ಎಳೆದು ಕೂರಿಸಿ, ಫೋಟೋ ಹೊಡ್ದು, ಮತ್ತೆ ಮಲಗ್ಸೋದು. ಅದೊಂದು ಪುಣ್ಯದ ಕೆಲ್ಸ ಅಂತ ಬೇರೆ ಹೇಳ್ತಾರೆ."

ಜನ ನಕ್ಕಿತು. ಭವಾನಿಗೆ ನಗು ಬರಲಿಲ್ಲ, ಮೂರು ಸಲದ ಬಸ್ಸು, ಎರಡು ಕಡೆಯ ಟೀ, ಎಲ್ಲ ಒಟ್ಟಿಗೆ ಉಕ್ಕಿ ಬಂತು. ಮಾವನಿಗೆ ಎದುರು ಮಾತಾಡಿ ಗೊತ್ತಿಲ್ಲದವಳು ಎಲ್ಲರ ಮುಂದೆ ಸಿಡಿದಳು.

"ಅದೂ ಬ್ಯಾಡ, ಇದೂ ಬ್ಯಾಡ. ಮತ್ತೇನು ಬೇಕು ಮಾವ? ನಿಮ್ಮ ಸೊನ್ನೆ ಹಿಡ್ಕೊಂಡು ಆಫೀಸಲ್ಲಿ ನಿಂತೋಳು ನಾನು. ನೀವು ದೊಡ್ಡದಾಗಿ ಬರಿ ಅಂದ್ರಿ, ಬರೆದೆ. ಮಡು ಹೋಗ್ತದೆ, ಅದರ ಕೆಳಗಿನ ಹೊಳೇನೂ ಹೋಗ್ತದೆ. ಮೂವತ್ತೆರಡು ಮನೆಯವರು ಏನು ಸೊನ್ನೆ ಬೇಯಿಸ್ಕೊಂಡು ತಿನ್ನೋದಾ? ಯಾರೂ ಬೀಸಲ್ಲ ಅಂದ್ರೆ ನಾಳೆ ನಾನೇ ಬೀಸ್ತೀನಿ."

ಅವಳಿಗೆ ಬೀಸುಬಲೆ ಹಿಡಿಯುವುದೇ ಗೊತ್ತಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಹುಲಿಯಪ್ಪ ಟವೆಲ್ಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು ಹೊರಟುಹೋದ.

ಬೆಳಿಗ್ಗೆ ಭವಾನಿ ಬಾಗಿಲಿಗೆ ನೀರು ಹಾಕಲು ಬಂದಾಗ ಹುಲಿಯಪ್ಪ ಜಗಲಿಯಲ್ಲಿ ಬಲೆ ಹರವಿಕೊಂಡು ಕೂತಿದ್ದ. ಬೀಸುಬಲೆಯ ಅಂಚಿಗೆ ಸುತ್ತಲೂ ಸೀಸದ ಗುಂಡು ಪೋಣಿಸಿರುತ್ತಾರೆ. ಬಲೆ ಗಾಳಿಯಲ್ಲಿ ದುಂಡಗೆ ಅರಳುವುದು, ನೀರಿಗೆ ಬಿದ್ದೊಡನೆ ತಳಕ್ಕೆ ಇಳಿದು ಮೀನನ್ನು ಮುಚ್ಚುವುದು, ಎಲ್ಲ ಆ ಗುಂಡಿನ ಭಾರದಿಂದ. ಹುಲಿಯಪ್ಪ ಅಂಚಿನ ದಾರ ಬಿಚ್ಚಿ ಗುಂಡುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದ. ಪಕ್ಕದಲ್ಲಿ ಒಂದು ಮೊರದ ತುಂಬ ಸಿಪ್ಪೆ ಬಿಡಿಸದ ಒಣ ಅಡಿಕೆ ಇತ್ತು, ಪ್ರತಿಯೊಂದಕ್ಕೂ ದಬ್ಬಣದಲ್ಲಿ ತೂತು ಮಾಡಿ ಇಟ್ಟಿದ್ದ.

"ಮಡಿಲೊಡ್ಡು," ಎಂದ.

ಅವಳು ಏನೂ ತಿಳಿಯದೆ ಸೆರಗು ಒಡ್ಡಿದಳು. ಅವನು ಸೀಸದ ಗುಂಡುಗಳನ್ನು ಬೊಗಸೆಯಲ್ಲಿ ತೆಗೆದು ಅವಳ ಮಡಿಲಿಗೆ ಸುರಿದ. ಸೆರಗು ಜಗ್ಗಿ ಅವಳು ಬಾಗಬೇಕಾಯಿತು.

"ಸೀಸ ಮುಳುಗ್ತದೆ, ಅಡಿಕೆ ತೇಲ್ತದೆ. ಬೀಸೋವಾಗ ಅರಳೋಕೆ ಇಷ್ಟು ಭಾರ ಸಾಕು. ನೀರಿಗೆ ಬಿದ್ದ ಮೇಲೆ ಮೇಲೇ ಇರ್ತದೆ, ಒಂದು ಮರೀನೂ ಸಿಗಲ್ಲ. ನಿಮ್ಮ ಆಫೀಸಿಗೆ ಫೋಟೋ ಬೇಕು ತಾನೆ? ಕೊಡೋಣ."

ಭವಾನಿಗೆ ನಿನ್ನೆ ಆಡಿದ ಮಾತಿಗೆ ನಾಚಿಕೆಯಾಯಿತು. ಗುಂಡುಗಳನ್ನು ಒಂದು ಡಬ್ಬಿಗೆ ಸುರಿದು ದೇವರ ಗೂಡಿನ ಕೆಳಗಿಟ್ಟಳು.

ಮೂರೇ ಜನ ಹೋದರು. ಒಂದು ತೆಪ್ಪದಲ್ಲಿ ಹುಲಿಯಪ್ಪ ನಿಂತ, ಭವಾನಿ ಹುಟ್ಟು ಹಾಕಿದಳು. ವೆಂಕಟಾಚಲ ಬಂಡೆಯ ಮೇಲೆ ಮೊಬೈಲ್ ಹಿಡಿದು ನಿಂತ. ಹುಲಿಯಪ್ಪ ಮೊದಲು ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ಏನೋ ಬಾಯಲ್ಲಿ ಅಂದುಕೊಂಡ. ಆಮೇಲೆ ಬಲೆಯ ಅಂಚನ್ನು ಮೊಣಕೈಗೆ ಏರಿಸಿ, ಒಮ್ಮೆ ಸೊಂಟ ತಿರುಗಿಸಿ ಬೀಸಿದ. ಎಪ್ಪತ್ತೆರಡರ ಮುದುಕ ಬೀಸಿದ ಬಲೆ ಹಾಗೆ ಅರಳಬಹುದು ಎಂದು ಭವಾನಿ ಎಣಿಸಿರಲಿಲ್ಲ. ದೊಡ್ಡ ರಂಗೋಲಿಯ ಹಾಗೆ ಮಡುವಿನ ಮೇಲೆ ಹರಡಿ ನೀರಿಗೆ ಬಿತ್ತು, ಬಿದ್ದಲ್ಲೇ ತೇಲುತ್ತ ಕೂತಿತು. ಅದರ ಕೆಳಗೆ ಆಳದಲ್ಲಿ ಒಂದು ದೊಡ್ಡ ಬೆನ್ನು ನಿಧಾನಕ್ಕೆ ಹೊರಳಿದ್ದನ್ನು ಅವಳು ಕಂಡಳು.

"ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ!" ಎಂದು ವೆಂಕಟಾಚಲ ಬಂಡೆಯ ಮೇಲಿಂದ ಕೂಗಿದ. "ಎಂಥ ಫೋಟೋ ಬಂತು ಗೊತ್ತಾ ಅಕ್ಕ!"

ಅಡಿಕೆಯ ಸಂಗತಿ ಈ ಮೂವರಲ್ಲೇ ಇರಬೇಕು ಎಂದು ಮಾತಾಯಿತು. ಕೇರಿಯಲ್ಲಿ ಒಬ್ಬನ ಕಿವಿಗೆ ಬಿದ್ದರೂ ಸಾಕು, ಸಂಜೆಯೊಳಗೆ ಆಫೀಸಿಗೆ ಮುಟ್ಟುತ್ತದೆ. ಮಧ್ಯಾಹ್ನ ಭವಾನಿ ಶಿವಮೊಗ್ಗಕ್ಕೆ ಹೋಗಿ ಫೋಟೋ ಕೊಟ್ಟಳು. ನವೀನ್ ಅದನ್ನು ನೋಡಿ ಮನಸಾರೆ ಸಂತೋಷಪಟ್ಟ. "ಇದನ್ನ ಮೊದ್ಲೇ ಕೊಟ್ಟಿದ್ರೆ ನಿಮಗೆ ಓಡಾಟ ತಪ್ತಿತ್ತಲ್ಲ ಮೇಡಂ," ಎಂದ. ಆದೇಶಕ್ಕೆ ತಡೆ ಎಂದು ಬರೆದು ಪ್ರತಿ ಕೊಟ್ಟ. ಬರುವಾಗ ಭವಾನಿ ಬಸ್ ಸ್ಟ್ಯಾಂಡಿನಲ್ಲಿ ಮನೆಗೆ ಕಾಲು ಕೆಜಿ ಮೈಸೂರುಪಾಕು ಕಟ್ಟಿಸಿಕೊಂಡಳು.

ಆ ಮೈಸೂರುಪಾಕು ಖಾಲಿಯಾಗುವ ಮುಂಚೆಯೇ ಭಾನುವಾರ ಬಂತು. ಬೆಳಿಗ್ಗೆ ಏಳರ ಸುಮಾರಿಗೆ ವೆಂಕಟಾಚಲ ಆಟೋ ತಂದು ಬಾಗಿಲಲ್ಲಿ ನಿಲ್ಲಿಸಿದ. ಮುಖ ಬಾಡಿತ್ತು.

"ಅಕ್ಕ, ಮಡುವಿಗೆ ಬಲೆ ಬಿದ್ದಿದೆ. ಏಳು ತೆಪ್ಪ ಇಳಿದಿವೆಯಂತೆ."

"ಯಾರದ್ದು?"

"ನಮ್ಮೋರ್ದೇ."

"ಯಾಕೆ? ಏನಾಯ್ತು?"

ಅವನು ನೆಲ ನೋಡಿದ. "ಫೋಟೋನ ಶುಕ್ರವಾರವೇ ಗ್ರೂಪಿಗೆ ಹಾಕಿದ್ದೆ. ಮಡುವಲ್ಲಿ ಹುಲಿಯಪ್ಪಣ್ಣ ಬಲೆ ಬೀಸಿದ್ರು, ಹಕ್ಕು ನಮ್ಮದೇ, ಅಂತ ಬರೆದಿದ್ದೆ, ಅಷ್ಟೇ. ಅಡಿಕೆ ವಿಷ್ಯ ಹೇಳ್ಬಾರ್ದು ಅಂತ ಮಾತಾಗಿತ್ತಲ್ಲ, ಹೇಳ್ಲಿಲ್ಲ."

ಜಗಲಿಯ ಮೇಲಿದ್ದ ಹುಲಿಯಪ್ಪ ಎಲ್ಲ ಕೇಳಿಸಿಕೊಂಡ. ಏಳಲು ಹೋಗಿ ಏಳಲಾಗದೆ ಅಲ್ಲೇ ಕೂತ. ಊರಿಗೆ ಊರೇ ಇಷ್ಟು ವರ್ಷ ಮಡುವನ್ನು ಮುಟ್ಟದೆ ಇದ್ದದ್ದು ನೀರಿನ ಹೆದರಿಕೆಯಿಂದಲ್ಲ, ಹಿರಿಯರು ಬೀಸಿಲ್ಲ ಎಂಬ ಒಂದೇ ಮಾತಿನಿಂದ. ಆ ಮಾತು ಶುಕ್ರವಾರ ಬೆಳಿಗ್ಗೆಯೇ ಮುರಿದುಬಿದ್ದಿತ್ತು. ಆಫೀಸನ್ನು ನಂಬಿಸಲು ತೆಗೆದ ಫೋಟೋ ಎಲ್ಲರಿಗಿಂತ ಮೊದಲು ಸ್ವಂತ ಕೇರಿಯನ್ನೇ ನಂಬಿಸಿತ್ತು. ಭವಾನಿಗೆ ವೆಂಕಟಾಚಲನ ಕೆನ್ನೆಗೆ ಬಾರಿಸಬೇಕೆನಿಸಿತು, ಅದಕ್ಕಿಂತ ಜೋರಾಗಿ ತನ್ನ ಕೆನ್ನೆಗೇ. ದೇವರ ಗೂಡಿನ ಕೆಳಗಿನ ಡಬ್ಬಿಯನ್ನು ಎತ್ತಿಕೊಂಡು ಆಟೋ ಹತ್ತಿದಳು.

ಮಡುವಿನಲ್ಲಿ ಜಾತ್ರೆಯ ಗದ್ದಲ. ತೆಪ್ಪಗಳು ಒಂದಕ್ಕೊಂದು ತಾಗುವಂತೆ ಸುತ್ತುತ್ತಿದ್ದವು, ಎಲ್ಲರ ಬಲೆಯಲ್ಲೂ ಸೀಸ ಇತ್ತು. ಎಲ್ಲಕ್ಕಿಂತ ಮುಂದೆ ಸಂಘದ ಖಜಾಂಚಿಯೇ ನಿಂತಿದ್ದ. ಅವನ ತೆಪ್ಪದಲ್ಲಿ ಒಂದು ದೊಡ್ಡ ಬಿಳಿಮೀನು ಬಿದ್ದು ಬಾಲ ಬಡಿಯುತ್ತಿತ್ತು, ಒತ್ತಡಕ್ಕೆ ಹೊಟ್ಟೆಯಿಂದ ಹಳದಿ ಮೊಟ್ಟೆ ಸೋರಿ ತೆಪ್ಪದ ತಳಕ್ಕೆ ಮೆತ್ತಿತ್ತು. ದಡದ ಇನ್ನೊಂದು ಬದಿಯಲ್ಲಿ ವಿಶ್ವಾರಾಧ್ಯರು ನಿಂತಿದ್ದರು. ಭಾನುವಾರ ಬೆಳಿಗ್ಗೆ ಅವರು ಗಾಳವಿಲ್ಲದೆಯೂ ಬಂದು ಮಡು ನೋಡುತ್ತ ಕೂರುವವರಂತೆ. ಈಗ ಕೈಯಲ್ಲಿ ಮೊಬೈಲ್ ಹಿಡಿದು ಯಾರಿಗೆ ಫೋನ್ ಮಾಡಬೇಕೆಂದು ತಿಳಿಯದವರ ಹಾಗೆ ನಿಂತಿದ್ದರು, ಕಣ್ಣು ಕೆಂಪಾಗಿತ್ತು.

"ನಿಲ್ಸಿ! ಎಲ್ಲ ಮೇಲೆ ಬನ್ನಿ!" ಎಂದು ಭವಾನಿ ಕೂಗಿದಳು.

"ಹುಲಿಯಪ್ಪಣ್ಣನೇ ಬೀಸಿದ ಮೇಲೆ ನಮ್ದೇನು ತಪ್ಪು ಮಾರಾಯ್ತಿ?" ಎಂದ ಖಜಾಂಚಿ ನೀರಿನಿಂದಲೇ. "ನೀನೇ ಹುಟ್ಟು ಹಾಕಿದ್ದೀಯ, ಫೋಟೋದಲ್ಲಿ ಕಾಣ್ತದೆ. ನಿಮ್ಮನೆಗೊಂದು ನ್ಯಾಯ, ನಮ್ಮನೆಗೊಂದು ನ್ಯಾಯನಾ?"

ಭವಾನಿ ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದಳು. ಅಡಿಕೆಯ ಸಂಗತಿ ಹೇಳಿದರೆ ಇವರು ನಿಲ್ಲುತ್ತಾರೆ. ಹೇಳಿದರೆ ಆ ಫೋಟೋ ಸುಳ್ಳೆಂದು ಸಂಘದ ಕಾರ್ಯದರ್ಶಿಯೇ ಒಪ್ಪಿಕೊಂಡಂತೆ, ಅದೂ ಕ್ಲಬ್ಬಿನ ಅಧ್ಯಕ್ಷ ಇಪ್ಪತ್ತು ಮಾರು ದೂರದಲ್ಲಿ ಕಿವಿ ತೆರೆದು ನಿಂತಿರುವಾಗ. ಮಡುವೂ ಹೊಳೆಯೂ ಹೋಯಿತೆಂದೇ ಲೆಕ್ಕ. ಹೇಳದಿದ್ದರೆ ಹಕ್ಕು ಉಳಿಯುತ್ತದೆ, ಮಧ್ಯಾಹ್ನದೊಳಗೆ ಮಡುವಿನಲ್ಲಿ ಮೀನು ಉಳಿಯುವುದಿಲ್ಲ. ಅತ್ತ ದರಿ ಇತ್ತ ಪುಲಿ ಎಂದು ಸುಮ್ಮನೆ ಹೇಳುತ್ತಾರೆಯೇ? ಆ ಹೊತ್ತಿಗೆ ಮೇಲ್ಗಡೆಯ ತೆಪ್ಪದಿಂದ ಇನ್ನೊಂದು ಬಲೆ ಅರಳಿತು, ನೀರಿಗೆ ಬಿದ್ದು ಸರ್ರನೆ ತಳಕ್ಕೆ ಇಳಿಯಿತು.

ಭವಾನಿ ಡಬ್ಬಿಯ ಮುಚ್ಚಳ ತೆಗೆದು ಬಂಡೆಯ ಮೇಲೆ ಬೋರಲು ಹಾಕಿದಳು. ಸೀಸದ ಗುಂಡುಗಳು ಸದ್ದು ಮಾಡುತ್ತ ಉರುಳಿದವು.

"ನೋಡ್ರೋ! ಮಾವನ ಬಲೆಯ ಗುಂಡು ಇಲ್ಲಿವೆ! ಅವತ್ತು ಬಲೆಗೆ ಗುಂಡೇ ಇರ್ಲಿಲ್ಲ, ಸಿಪ್ಪೆ ಅಡಿಕೆ ಪೋಣಿಸಿದ್ರು! ಬರೀ ಫೋಟೋಕ್ಕೆ ಬೀಸಿದ್ದು! ಬಲೆ ನೀರಿನ ಮೇಲೇ ತೇಲ್ತಾ ಇತ್ತು, ಒಂದು ಮರಿ ಸಿಗ್ಲಿಲ್ಲ! ಮಾವ ಮಡುವಿಗೆ ಬಲೆ ಹಾಕಿಲ್ಲ, ಯಾವತ್ತೂ ಹಾಕಿಲ್ಲ! ಕೇಳಿಸ್ತಾ?"

ಕೇಳಿಸಿತು. ಬೆಸ್ತನಿಗೆ ಗುಂಡಿಲ್ಲದ ಬಲೆ ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲ್ಗಡೆಯ ಇಬ್ಬರು ಮೊದಲು ಬಲೆ ಎಳೆದುಕೊಂಡರು. ಖಜಾಂಚಿ ಕಾಲ ಬಳಿಯ ಮೀನನ್ನು ನೋಡಿದ, ಬಾಗಿ ಎತ್ತಿ ನೀರಿಗೆ ಬಿಟ್ಟ. ಅದು ಒಂದು ಮಗ್ಗುಲಾಗಿ ತೇಲಿತು, ಅವನು ಕೈಯಿಂದ ನೆಟ್ಟಗೆ ಹಿಡಿದುಕೊಂಡೇ ಇದ್ದ, ಬಿಟ್ಟರೆ ಮತ್ತೆ ಮಗ್ಗುಲಾಗುತ್ತಿತ್ತು. ವಿಶ್ವಾರಾಧ್ಯರು ಪಂಚೆ ಒದ್ದೆಯಾಗುವುದನ್ನೂ ನೋಡದೆ ನೀರಿಗಿಳಿದು ಅವನ ಪಕ್ಕ ನಿಂತು ಅದರ ಹೊಟ್ಟೆಯ ಕೆಳಗೆ ಕೈ ಕೊಟ್ಟರು. ಇಬ್ಬರೂ ಅರ್ಧ ಗಂಟೆ ಹಾಗೆ ಹಿಡಿದು ನಿಂತರು, ಮೀನು ಉಳಿಯಲಿಲ್ಲ.

ತೆಪ್ಪಗಳು ಹೋದ ಮೇಲೆ ವಿಶ್ವಾರಾಧ್ಯರು ಭವಾನಿಯ ಹತ್ತಿರ ಬಂದರು. ಅವಳು ಬಂಡೆಯ ಸಂದಿಯಿಂದ ಗುಂಡುಗಳನ್ನು ಹೆಕ್ಕುತ್ತಿದ್ದಳು.

"ನಾನು ಏನೂ ಕೇಳಿಸ್ಕೊಂಡಿಲ್ಲ ಭವಾನಿಯವ್ರೇ. ಆಫೀಸಲ್ಲಿ ನನ್ನ ಬಾಯಿಂದ ಈ ಮಾತು ಬರಲ್ಲ."

ಇದಕ್ಕಾದರೂ ಸಿಟ್ಟು ಬರಬಾರದಿತ್ತು, ಬಂತು.

"ನೀವು ಹೇಳ್ದಿದ್ರೆ ಫೋಟೋ ನಿಜ ಆಗ್ತದೆ ಸಾರ್. ಇಲಾಖೆ ಕಾಗದದಲ್ಲೇ ಇದು ಬಲೆ ಬೀಸೋ ಜಾಗ ಅಂತಾದ್ರೆ, ಇವತ್ತು ಎದ್ದು ಹೋದವರು ನಾಳೆ ಆ ಕಾಗದ ಹಿಡ್ಕೊಂಡೇ ಬರ್ತಾರೆ. ನಾನು ಯಾವ ಬಾಯಲ್ಲಿ ಬ್ಯಾಡ ಅನ್ಲಿ?"

"ಹಾಗಾದ್ರೆ ನಾನು ಕ್ಲಬ್ಬಿನ ಅರ್ಜಿ ವಾಪಸ್ ತಗೊಳ್ಲಾ?" ಎಂದರು ಅವರು. ಆಮೇಲೆ ತಾವೇ ತಲೆಯಾಡಿಸಿದರು. "ನಾನು ತಗೊಂಡ್ರೂ ಉಳಿದವರು ಬಿಡಲ್ಲ. ನಮ್ಮಲ್ಲೂ ನಲವತ್ತು ಜನ ಇದ್ದಾರೆ."

ಅವಳು ಒಂದು ಗುಂಡು ಕಡಿಮೆ ಬಂತೆಂದು ಮತ್ತೆ ಬಗ್ಗಿ ಹುಡುಕಿದಳು.

ಸೋಮವಾರ ಐದನೆಯ ಸಲ ಶಿವಮೊಗ್ಗಕ್ಕೆ ಹೋದಾಗ ನವೀನ್ ಇನ್ನೊಂದು ಟೀ ಹೇಳಿದ. ಭವಾನಿ ಫೋಟೋ ಹಿಂದಕ್ಕೆ ಕೊಡಿ ಎಂದಳು. ಅವನಿಗೆ ಅರ್ಥವಾಗಲು ಕಾಲು ಗಂಟೆ ಬೇಕಾಯಿತು.

"ಫೋಟೋ ಚೆನ್ನಾಗೇ ಇತ್ತಲ್ಲ ಮೇಡಂ?"

"ಅದೇ ತೊಂದ್ರೆ ಸಾರ್. ಹೊಸ ಫಾರಂ ಕೊಡಿ."

ಅವಳು ಕೂತು ತುಂಬಿದಳು. ಸ್ಥಳ, ಬಾಣಂತಿ ಮಡು. ಹಿಡಿಯುವ ಮೀನು ಎಂಬ ಕಡೆ ಬಂದಾಗ ಕೈ ಸ್ವಲ್ಪ ತಡೆಯಿತು. ಆಮೇಲೆ ಸೊನ್ನೆ ಬರೆದಳು, ಆ ಕಾಲಂ ಹಿಡಿಸುವಷ್ಟು ದೊಡ್ಡದಾಗಿ. ನವೀನ್ ಅದರ ಮೇಲೆ ಸ್ವೀಕರಿಸಲಾಗಿದೆ ಎಂದು ಸೀಲು ಹೊಡೆದು, ಆದೇಶದ ಮೇಲಿನ ತಡೆ ತೆಗೆದು, ಕೆಳಗಿನ ಹೊಳೆಯಲ್ಲಾದರೂ ವರ್ಷಕ್ಕೆ ನಾಲ್ಕು ತಿಂಗಳು ಬಲೆ ಹಾಕಲು ಬಿಡುವಂತೆ ಮೇಲಿನವರಿಗೆ ಬರೆಯುತ್ತೇನೆ ಎಂದ. ಬರೆದನಂತೆ. ಉತ್ತರ ಇನ್ನೂ ಬಂದಿಲ್ಲ.

ಜೂನಿನಲ್ಲಿ ಮೃಗಶಿರ ಮಳೆ ಹತ್ತಿರವಾದಾಗ ಕೇರಿಯ ಹೆಂಗಸರು ಎಂದಿನಂತೆ ಹೊರಟರು. ಹುಲಿಯಪ್ಪನೂ ಈ ಸಲ ಕೋಲೂರಿಕೊಂಡು ಜೊತೆಗೆ ಬಂದ. ಮಡುವಿಗೆ ಇಳಿಯುವ ದಾರಿಗೆ ತಂತಿಬೇಲಿ ಬಂದಿತ್ತು, ಬೇಲಿಗೆ ಒಂದು ಕಬ್ಬಿಣದ ಗೇಟು, ಗೇಟಿನ ಪಕ್ಕ ಹಸಿರು ಅಂಗಿ ತೊಟ್ಟ ಕಾವಲುಗಾರ. ಅವನು ವೆಂಕಟಾಚಲ. ಹೊಳೆ ಹೋದ ಮೇಲೆ ಆಟೋಕ್ಕೆ ಮೀನಿರಲಿಲ್ಲ, ಕ್ಲಬ್ಬಿನವರು ಮಾತು ಕೊಟ್ಟಂತೆ ಕೇರಿಯ ಹುಡುಗರಿಗೇ ಕೆಲಸ ಕೊಟ್ಟಿದ್ದರು. ಅವನು ಹುಲಿಯಪ್ಪನ ಮುಖ ನೋಡಲಾರದೆ ಒಂದು ರಿಜಿಸ್ಟರನ್ನು ಭವಾನಿಯ ಮುಂದಕ್ಕೆ ತಳ್ಳಿದ.

"ಬೈಬೇಡಿ ಅಕ್ಕ. ಒಳಗೆ ಹೋಗೋರೆಲ್ಲ ಇದರಲ್ಲಿ ಬರೀಬೇಕಂತೆ. ರೂಲ್ಸು. ವಿಶ್ವಾರಾಧ್ಯ ಸಾರೇ ಹೇಳಿದ್ದಾರೆ, ನೀವು ಬಂದ್ರೆ ತಡೀಬೇಡ, ಬರೀ ಬರೆಸ್ಕೊ ಅಂತ."

ಭವಾನಿ ಬೈಯಲಿಲ್ಲ. ಬೈಗುಳವೆಲ್ಲ ಮುಗಿದುಹೋಗಿತ್ತು. ಹೆಸರು, ಊರು, ಬಂದ ಹೊತ್ತು, ಬಂದ ಉದ್ದೇಶ ಎಂದು ಗೆರೆ ಎಳೆದಿದ್ದರು. ಮೇಲಿನ ಸಾಲುಗಳಲ್ಲಿ ಉದ್ದೇಶದ ಕೆಳಗೆ ಎಲ್ಲರೂ ಫಿಶಿಂಗ್, ಫಿಶಿಂಗ್ ಎಂದೇ ಬರೆದಿದ್ದರು. ಹಿಂದಿನಿಂದ ಹೆಂಗಸರು ಮಳೆ ಬರುತ್ತದೆ ಬೇಗ ಎಂದರು. ಅವಳು ಮಡಿಲಕ್ಕಿಯ ತಟ್ಟೆಯನ್ನು ಹುಲಿಯಪ್ಪನ ಕೈಗೆ ಕೊಟ್ಟು, ಪೆನ್ನು ತೆಗೆದುಕೊಂಡು, ಹೆಸರು ಊರು ತುಂಬಿ, ಉದ್ದೇಶದ ಮುಂದೆ "ಬಾಣಂತಿಯನ್ನು ನೋಡಲು" ಎಂದು ಬರೆದಳು. ವೆಂಕಟಾಚಲ ಅದನ್ನು ಓದಿ ಗೇಟು ತೆಗೆದ.